ಸೈಕಲ್ ಬಿಲ್ಲೆಯಿಂದ ಸಾರಿಗೆ ಉಪಕರದವರೆಗೆ: ಚಿಕ್ಕಬಳ್ಳಾಪುರ ಸೀಮೆಯಲ್ಲಿ ಸೈಕಲ್ ಪಥದ ಹಣಕಾಸು

ಒಂದು ಕಾಲಕ್ಕೆ ನಮ್ಮ ಪುರಸಭೆ, ಪಂಚಾಯಿತಿಗಳಲ್ಲಿ ಸೈಕಲ್ ಇಟ್ಟವರು ವರ್ಷಕ್ಕೊಮ್ಮೆ ಕರ ಕಟ್ಟಿ ಲೋಹದ ಬಿಲ್ಲೆ ಪಡೆಯಬೇಕಿತ್ತು. ಬಿಲ್ಲೆಯಿಲ್ಲದೆ ಸಿಕ್ಕಿಬಿದ್ದರೆ ದಂಡ. ಹಳಬರ ಮಾತಿನಲ್ಲಿ ಅದೊಂದು ತಮಾಷೆಯ ನೆನಪು. ಸ್ಥಳೀಯ ಆಡಳಿತದ ಚರಿತ್ರೆಯಲ್ಲಿ ಅದಕ್ಕೆ ಬೇರೆಯದೇ ತೂಕವಿದೆ. ಓಡಾಡುವ ವಾಹನದಿಂದ ಊರಿನ ಬೊಕ್ಕಸಕ್ಕೆ ನೇರವಾಗಿ ಬರುತ್ತಿದ್ದ ಹಣ ಅದು. ಅದನ್ನು ಕಟ್ಟಿದವನಿಗೆ ರಸ್ತೆಯಲ್ಲಿ ಪ್ರತ್ಯೇಕ ಜಾಗ ಮಾತ್ರ ದೊರೆಯಲಿಲ್ಲ.

ಇದರ ಬೇರು ತೆರಿಗೆಯ ಹಂಚಿಕೆಯಲ್ಲಿದೆ. ಸಂವಿಧಾನದ ರಾಜ್ಯಪಟ್ಟಿಯ 57ನೇ ನಮೂದು ಯಂತ್ರವಿರುವ ಮತ್ತು ಇಲ್ಲದ ಎರಡೂ ಬಗೆಯ ವಾಹನಗಳ ತೆರಿಗೆಯನ್ನು ರಾಜ್ಯಕ್ಕೆ ಬಿಟ್ಟಿತು. 1957ರ ಮೋಟಾರು ವಾಹನ ತೆರಿಗೆ ಕಾಯಿದೆಯಿಂದ ಲಾರಿ, ಬಸ್ಸು, ಕಾರುಗಳ ತೆರಿಗೆ ಬೆಂಗಳೂರಿನ ಖಜಾನೆಗೆ ಹೋಯಿತು. 1964ರ ಪುರಸಭೆಗಳ ಕಾಯಿದೆಯಲ್ಲಿ ಊರಿನ ಪಾಲಿಗೆ ಉಳಿದದ್ದು ಜಟಕಾ, ಎತ್ತಿನಗಾಡಿ, ಸೈಕಲ್. ಆ ಕರವೂ ಪುರಸಭೆಯ ಸಾಮಾನ್ಯ ನಿಧಿಯಲ್ಲಿ ಸೇರಿ ಚರಂಡಿಗೂ ಬೀದಿದೀಪಕ್ಕೂ ಕರಗುತ್ತಿತ್ತು.

ನೆದರ್ಲೆಂಡ್ಸಿನಲ್ಲೂ ಬಿಲ್ಲೆ ಇತ್ತೆಂದರೆ ಹಲವರು ನಂಬಲಾರರು. 1924ರಲ್ಲಿ ಅಲ್ಲಿ ಸೈಕಲ್ ತೆರಿಗೆ ಜಾರಿಗೆ ಬಂತು. ಕಟ್ಟಿದ್ದಕ್ಕೆ ಗುರುತಾಗಿ ಸೈಕಲ್ಲಿಗೆ ತಗಡು ಹಚ್ಚಬೇಕಿತ್ತು. ಆ ಹಣ ಮುಂದೆ ರಸ್ತೆ ನಿಧಿಗೆ ಸೇರಿತು. ಹೀಗಾಗಿ ನಾವು ಕಟ್ಟಿದ್ದು ನಮ್ಮ ದಾರಿಗೆ ಬರಲಿ ಎಂದು ಕೇಳಲು ಡಚ್ ಸೈಕಲ್ ಸವಾರರಿಗೆ ಲೆಕ್ಕದ ಆಧಾರವಿತ್ತು. ತೆರಿಗೆ 1941ರಲ್ಲಿ ರದ್ದಾದರೂ ಆ ಬೇಡಿಕೆ ಅಳಿಯಲಿಲ್ಲ. ನಮ್ಮಲ್ಲಿ ಬಿಲ್ಲೆ ಸದ್ದಿಲ್ಲದೆ ಮರೆಯಾದಾಗ ನಗರಸಭೆಯ ಲೆಕ್ಕಪುಸ್ತಕದಿಂದ ಸೈಕಲ್ಲೇ ಮರೆಯಾಯಿತು. ನನ್ನ ದೃಷ್ಟಿಯಲ್ಲಿ ಈ ಇತಿಹಾಸದ ಮುಖ್ಯ ತಿರುವು ಇದು.

ಮುಂದೆ ಸೈಕಲ್ ಸರ್ಕಾರದ ಕಡತಕ್ಕೆ ಮರಳಿದ್ದು 2006-07ರಲ್ಲಿ, ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಯೋಜನೆಯಾಗಿ. ಅದೇ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಸೈಕಲ್ಲಿಗೂ ಪಾದಚಾರಿಗೂ ರಸ್ತೆಯಲ್ಲಿ ಪಾಲು ಇರಬೇಕೆಂದಿತು. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಹೊಸ ಜಿಲ್ಲೆಯಾದ ಚಿಕ್ಕಬಳ್ಳಾಪುರದಲ್ಲಿ ಸಾವಿರಾರು ಮಕ್ಕಳು ಸೈಕಲ್ ಹತ್ತಿದರು. ಸೈಕಲ್ ಕೊಡಿಸಲು ಹಣವಿತ್ತು, ಅದು ಓಡುವ ಪಥಕ್ಕೆ ಒಂದು ಲೆಕ್ಕಶೀರ್ಷಿಕೆಯೂ ಇರಲಿಲ್ಲ.

ದೊಡ್ಡ ಯೋಜನೆಗಳ ಬಾಗಿಲು ಈ ಜಿಲ್ಲೆಯ ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳಿಗೆ ತೆರೆಯಲಿಲ್ಲ. ಕೇಂದ್ರದ 2005ರ ನಗರ ನವೀಕರಣ ಯೋಜನೆಯಾದ ಜೆನರ್ಮ್ ಪಟ್ಟಿಯಲ್ಲಿ ರಾಜ್ಯದಿಂದ ಇದ್ದದ್ದು ಬೆಂಗಳೂರು, ಮೈಸೂರು ಮಾತ್ರ. ಸೈಕಲ್ ಸೌಲಭ್ಯಕ್ಕೂ ಅವಕಾಶವಿದ್ದ 2015ರ ಅಮೃತ್ ಯೋಜನೆ ಮುಖ್ಯವಾಗಿ ಲಕ್ಷ ಜನಸಂಖ್ಯೆ ಮೀರಿದ ನಗರಗಳಿಗೆ. 2011ರ ಜನಗಣತಿಯಲ್ಲಿ ನಮ್ಮ ನಾಲ್ಕೂ ಊರುಗಳು ಲಕ್ಷದೊಳಗೇ ಇದ್ದವು. ಇನ್ನೊಂದು ತೊಡಕು ಒಡೆತನದ್ದು. ಈ ನಾಲ್ಕನ್ನೂ ಒಂದೇ ಸಾಲಿನಲ್ಲಿ ಬೆಸೆಯುವ ರಸ್ತೆ ಹಿಂದೆ 234ನೇ ಸಂಖ್ಯೆಯಿದ್ದ ರಾಷ್ಟ್ರೀಯ ಹೆದ್ದಾರಿ. ಸೈಕಲ್ ಸವಾರನಿಗೆ ಅತಿ ಅಪಾಯದ ಆ ದಾರಿಯಲ್ಲಿ ನಗರಸಭೆ ತನ್ನಿಷ್ಟಕ್ಕೆ ಒಂದು ಕಂಬವನ್ನೂ ನೆಡಲಾರದು.

ಹಣವಿದ್ದರೆ ಸಾಕೇ? ಬೆಂಗಳೂರು ನೋಡಿ. ಜಯನಗರದಲ್ಲಿ ಬರೀ ಬಣ್ಣ ಬಳಿದ ಪಥಗಳು ಕಾರು ನಿಲ್ಲಿಸುವ ತಾಣವಾದವು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯದ ಮುತುವರ್ಜಿಯಿಂದ ಗಿಡ್ಡ ಕಂಬ ನೆಟ್ಟು ಪಥ ಬೇರ್ಪಡಿಸಲಾಯಿತು. ಮೆಟ್ರೊ ಕಾಮಗಾರಿ ಬಂದಾಗ ಅದನ್ನೂ ಕಿತ್ತರು. ತಡೆಯಿಲ್ಲದ ಪಥ ಪಥವಲ್ಲ. ನಿರ್ವಹಣೆಗೆ ಹೊಣೆಗಾರರಿಲ್ಲದಿದ್ದರೆ ತಡೆಯೂ ನಿಲ್ಲುವುದಿಲ್ಲ.

ಹಾಗಾದರೆ ಸಣ್ಣ ನಗರಸಭೆಗೆ ದಾರಿ ಯಾವುದು? 15ನೇ ಹಣಕಾಸು ಆಯೋಗ 2021ರಿಂದ ಇಂಥ ನಗರಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60 ಕುಡಿಯುವ ನೀರು, ನೈರ್ಮಲ್ಯಕ್ಕೆ ಮೀಸಲಾಗಿತ್ತು. ಉಳಿದ ಶೇ 40ನ್ನು ಸಂಬಳ ಮುಂತಾದ ಸಿಬ್ಬಂದಿ ವೆಚ್ಚ ಬಿಟ್ಟು ಸ್ಥಳೀಯ ಅಗತ್ಯಕ್ಕೆ ಬಳಸಬಹುದಾಗಿತ್ತು. ಇದಲ್ಲದೆ ಆಸ್ತಿ ತೆರಿಗೆಯ ಜತೆ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಉಪಕರಗಳಂತೆಯೇ ಶೇ 2ರ ನಗರ ಸಾರಿಗೆ ಉಪಕರವನ್ನೂ ಮನೆ ಮಾಲೀಕರು ಕಟ್ಟುತ್ತಾರೆ. ಸೈಕಲ್ ಬಿಲ್ಲೆಗೆ ಇಲ್ಲದಿದ್ದ ಗುಣ ಇದಕ್ಕಿದೆ: ಸಾರಿಗೆಗೆಂದೇ ಹೆಸರಿಟ್ಟ ಹಣ ಇದು. ಹೆದ್ದಾರಿಯನ್ನು ಸದ್ಯಕ್ಕೆ ಬಿಡೋಣ. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಗೆ, ಗೌರಿಬಿದನೂರಿನ ಶಾಲೆ ಕಾಲೇಜುಗಳಿಗೆ ಹೋಗುವ ನಗರಸಭೆಯದೇ ರಸ್ತೆಗಳಲ್ಲಿ ತಡೆಗಂಬವುಳ್ಳ ಪಥಕ್ಕೆ ಇಂಥ ಅನುದಾನದ ಮೇಲೂ ಈ ಉಪಕರದ ಮೇಲೂ ಹಕ್ಕು ಸಾಧಿಸಬಹುದು.

ಪ್ರತಿ ವರ್ಷ ಆಯವ್ಯಯ ಮಂಡಿಸುವ ಮುನ್ನ ನಗರಸಭೆಗಳು ನಾಗರಿಕರ ಪೂರ್ವಭಾವಿ ಸಭೆ ಕರೆಯುತ್ತವೆ. ಮುಂದಿನ ಸಭೆಗೆ ನಿಮ್ಮ ಆಸ್ತಿ ತೆರಿಗೆಯ ರಸೀದಿ ಹಿಡಿದು ಹೋಗಿ. ಸಾರಿಗೆ ಉಪಕರದ ಲೆಕ್ಕ ಕೇಳಿ. ಸೈಕಲ್ ಪಥಕ್ಕೊಂದು ಲೆಕ್ಕಶೀರ್ಷಿಕೆ ತೆರೆಯಲು ಒತ್ತಾಯಿಸಿ.