ಸುಳಿ ಎಲ್ಲಿ ಮುಗಿಯುತ್ತದೆ?

ಓಸ್ಬೋರ್ನ್ ರೇನಾಲ್ಡ್ಸ್ 1883ರಲ್ಲಿ ಮ್ಯಾಂಚೆಸ್ಟರಿನಲ್ಲಿ ಗಾಜಿನ ಕೊಳವೆಯೊಳಗಿನ ನೀರಿಗೆ ಬಣ್ಣದ ಎಳೆ ಬಿಟ್ಟು ಹರಿವನ್ನು ನೋಡಿದ. ಲಾಸ್ ಅಲಮೋಸ್‌ನ ಫ್ರಾಮ್ ಮತ್ತು ಹಾರ್ಲೋ ಅವರ ಬಳಿ ನೀರೂ ಇರಲಿಲ್ಲ, ಬಣ್ಣವೂ ಇರಲಿಲ್ಲ. ಹರಿವಿಗೆ ಅಡ್ಡ ನಿಂತ ದಿಮ್ಮಿಯ ಹಿಂದೆ ಸುಳಿಗಳು ಆ ಬದಿಗೊಂದು, ಈ ಬದಿಗೊಂದು ಕಳಚಿಕೊಳ್ಳುವುದನ್ನು 1963ರಲ್ಲಿ ಅವರು ಬರೀ ಲೆಕ್ಕದಲ್ಲೇ ತೋರಿಸಿದರು. ಎರಡು ವರ್ಷದ ಮೇಲೆ ಹಾರ್ಲೋ, ವೆಲ್ಚ್ ಜೊತೆ ಸೇರಿ, ತೂಕವಿಲ್ಲದ ಗುರುತಿನ ಕಣಗಳನ್ನು ಹರಿವಿನೊಳಗೆ ಬಿಟ್ಟ. ನೀರು ಎಲ್ಲಿಯವರೆಗೆ ಬಂದಿದೆ ಎಂದು ಲೆಕ್ಕಕ್ಕೂ ತಿಳಿಯಬೇಕಿತ್ತು, ನೋಡುವವರಿಗೂ ಕಾಣಬೇಕಿತ್ತು. ಎರಡಕ್ಕೂ ಅವೇ ಚುಕ್ಕಿಗಳು ಸಾಕಾದವು. ಅಷ್ಟು ಅಚ್ಚುಕಟ್ಟಾದ ಉಪಾಯ, ಹರಿವನ್ನು ಲೆಕ್ಕ ಹಾಕಿ ಚಿತ್ರವಾಗಿಸುವ ಈ ಕಸುಬಿನಲ್ಲಿ ಮತ್ತೆ ಬಂದಿಲ್ಲವೆಂದೇ ನನ್ನ ಎಣಿಕೆ.

ನಾನು ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಸೇರಿದ್ದು ಎಂಬತ್ತರ ದಶಕದಲ್ಲಿ. ಇಲ್ಲಿನ ವಿಮಾನ ಸಂಶೋಧನಾಲಯ ಎನ್‌ಎಎಲ್‌ನಲ್ಲಿ ಇಂಟೆಲ್ 8086 ಪ್ರೊಸೆಸರ್‌ಗಳನ್ನು ಜೋಡಿಸಿ, ಹರಿವಿನ ಲೆಕ್ಕಕ್ಕೆಂದೇ ಫ್ಲೋಸಾಲ್ವರ್ ಎಂಬ ಕಂಪ್ಯೂಟರ್ ಕಟ್ಟಿದ್ದು 1986ರಲ್ಲಿ. ನಮ್ಮಂಥವರಿಗೆ ಮಾತ್ರ ಇನ್ನೂ ಲೈನ್ ಪ್ರಿಂಟರೇ ಗತಿ. ಅಂಚಿನಲ್ಲಿ ತೂತುಗಳಿದ್ದ ಉದ್ದನೆಯ ಕಾಗದ, ಒತ್ತಡದ ಒಂದೊಂದು ಮಟ್ಟಕ್ಕೆ ಒಂದೊಂದು ಅಕ್ಷರ. ಒಂದೇ ಅಕ್ಷರವಿದ್ದ ಜಾಗದ ಅಂಚು ಹಿಡಿದು ಪೆನ್ಸಿಲ್ ಎಳೆಯಬೇಕು. ರೆಕ್ಕೆಯ ಮೇಲೆ ಗೆರೆಗಳು ಒತ್ತೊತ್ತಾಗಿ ಬಂದು ನಿಂತರೆ ಅಲ್ಲಿ ಆಘಾತ ತರಂಗವಿದೆ ಎಂದರ್ಥ. ನಿಧಾನದ ಕೆಲಸ, ನಿಜ. ಆದರೆ ಒಂದೊಂದು ಅಂಕಿಯೂ ಕಣ್ಣಿಗೆ ಬೀಳುತ್ತಿತ್ತು.

1987ರಲ್ಲಿ ಕಿಮ್, ಮೊಯಿನ್, ಮೋಸರ್ ಎಂಬ ಮೂವರು ಎರಡು ಗೋಡೆಗಳ ನಡುವಿನ ಪ್ರಕ್ಷುಬ್ಧ ಹರಿವನ್ನು ಸುಮಾರು 40 ಲಕ್ಷ ಬಿಂದುಗಳಲ್ಲಿ ಲೆಕ್ಕ ಹಾಕಿದರು. ಅದನ್ನು ಕಾಗದದ ಮೇಲೆ ನೋಡುವುದೆಲ್ಲಿ ಬಂತು! ಅದೇ ವರ್ಷ ಲೊರೆನ್ಸನ್ ಮತ್ತು ಕ್ಲೈನ್ ವೈದ್ಯಕೀಯ ಸ್ಕ್ಯಾನ್‌ಗಳಿಗಾಗಿ ಒಂದು ವಿಧಾನ ಪ್ರಕಟಿಸಿದರು: ಒಂದು ಬೆಲೆ ಗೊತ್ತುಮಾಡಿ, ಆ ಬೆಲೆ ಇರುವ ಕಡೆಯೆಲ್ಲ ಮೇಲ್ಮೈ ಹೊದಿಸುವುದು. ತಿರುಗುವಿಕೆಯ ಜೋರಿಗೆ ಬೆಲೆ ಗೊತ್ತುಮಾಡಿದಾಗ ಅದು ಸುಳಿಗಳಿಗೂ ಒದಗಿತು. ಜಗಳ ಶುರುವಾದದ್ದೂ ಅಲ್ಲಿಂದಲೇ. ಬೆಲೆಯನ್ನು ತುಸು ಏರಿಸಿದರೆ ತೆಳ್ಳನೆಯ ಸುಳಿಗಳು ಎರೆಹುಳುಗಳ ಹಾಗೆ ಬಿಡಿಬಿಡಿಯಾಗಿ ಕಾಣುತ್ತವೆ, ಇಳಿಸಿದರೆ ಎಲ್ಲವೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಕಿಗಳೆಲ್ಲ ಅವೇ. ಸುಳಿ ಎಲ್ಲಿ ಮುಗಿಯುತ್ತದೆ ಎನ್ನುವುದು ಚಿತ್ರ ತೆಗೆಯುವವನ ಇಷ್ಟ.

2002ರ ಹೊತ್ತಿಗೆ ಜಪಾನಿನ ಸೂಪರ್ ಕಂಪ್ಯೂಟರ್ ಅರ್ಥ್ ಸಿಮ್ಯುಲೇಟರಿನಲ್ಲಿ ಮೂರು ದಿಕ್ಕಿಗೂ 4096ರಂತೆ, ಸುಮಾರು 6,870 ಕೋಟಿ ಬಿಂದುಗಳ ಲೆಕ್ಕ ನಡೆಯಿತು. ಬಿಂದುವಿಗೆ ವೇಗದ ಮೂರು ಅಂಕಿ, ಒತ್ತಡದ್ದೊಂದು. ತಲಾ 8 ಬೈಟ್ ಹಿಡಿದರೂ ಒಂದೇ ಒಂದು ಕ್ಷಣವನ್ನು ಉಳಿಸಲು 2 ಟೆರಾಬೈಟ್ ದಾಟುತ್ತದೆ. ಲೆಕ್ಕದ ವೇಗಕ್ಕೆ ಡಿಸ್ಕ್ ಸಮನಾಗಿ ಓಡುವುದಿಲ್ಲ. ಹಾಗಾಗಿ ಇಂಥ ಲೆಕ್ಕಗಳಲ್ಲಿ ಕಾಲದ ಹೆಚ್ಚಿನ ಹೆಜ್ಜೆಗಳನ್ನು ಉಳಿಸದೆ ಬಿಡಬೇಕು. ಇಲ್ಲವೇ ಲೆಕ್ಕ ನಡೆಯುತ್ತಿರುವಾಗಲೇ, ಅಂಕಿಗಳು ಮೆಮೊರಿಯಲ್ಲಿರುವಾಗಲೇ, ಚಿತ್ರ ತೆಗೆದುಬಿಡಬೇಕು. ಪ್ಯಾರಾವ್ಯೂ, ವಿಸಿಟ್ ಎಂಬ ಚಿತ್ರ ತೆಗೆಯುವ ತಂತ್ರಾಂಶಗಳು ಈಗ ಎರಡನೆಯದನ್ನೂ ಮಾಡಿಕೊಡುತ್ತವೆ. ಆದರೆ ಯಾವ ಬೆಲೆಗೆ ಮೇಲ್ಮೈ, ಯಾವ ಕೋನದಿಂದ ನೋಟ ಎಂದು ಮೊದಲೇ ಹೇಳಿರಬೇಕು. ಆಮೇಲೆ ಬೇರೆ ಬೆಲೆ ಬೇಕೆನಿಸಿದರೆ, ಉಳಿಸದ ಹೆಜ್ಜೆಗಳಿಗಾಗಿ ಮತ್ತೆ ಲೆಕ್ಕವನ್ನೇ ನಡೆಸಬೇಕು.

ಐಐಎಸ್‌ಸಿಯಲ್ಲಿ 2022ರಿಂದ 3.3 ಪೆಟಾಫ್ಲಾಪ್‌ನ ಪರಮ್ ಪ್ರವೇಗ ಸೂಪರ್ ಕಂಪ್ಯೂಟರ್ ಇದೆ. ದೊಡ್ಡ ಯಂತ್ರಗಳು ಬಂದಷ್ಟೂ ಸುಳಿಗಳ ಬಣ್ಣಬಣ್ಣದ ಚಿತ್ರಗಳು ನಿಮ್ಮ ಪತ್ರಿಕೆಗಳಿಗೂ ಬರುತ್ತವೆ. ಬಂದಾಗ ಪಕ್ಕದಲ್ಲಿ ಬಣ್ಣದ ಅಳತೆಪಟ್ಟಿ ಇದೆಯೇ, ಮೇಲ್ಮೈಯ ಬೆಲೆ ಕೊಟ್ಟಿದ್ದಾರೆಯೇ ನೋಡಿ. ಎರಡೂ ಇಲ್ಲದಿದ್ದರೆ ಅದನ್ನು ಅಲಂಕಾರವೆಂದೇ ತಿಳಿಯಿರಿ.