ಪರದೆಯ ಹಿಂದಿನ ದೀಪ

ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಒಂದು ಕಾಲಕ್ಕೆ ಯಕ್ಷಗಾನ ನಡೆಯುತ್ತಿದ್ದುದು ದೊಂದಿಯ ಬೆಳಕಿನಲ್ಲಿ. ಆಮೇಲೆ ಗ್ಯಾಸ್‌ಲೈಟ್ ಬಂತು, ಅನಂತರ ವಿದ್ಯುದ್ದೀಪ. ಬಣ್ಣದ ವೇಷದ ಕೆಂಪು, ಕಪ್ಪುಗಳು ಎಣ್ಣೆಯ ಬೆಳಕಿಗೆ ಹೊಂದಿಕೊಂಡು ಬೆಳೆದವು. ಟ್ಯೂಬ್‌ಲೈಟಿನ ಕೆಳಗೆ ಅದೇ ಮುಖ ಬೇರೆಯಾಗಿ ಕಾಣುತ್ತದೆ ಎಂದು ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಕಂಪ್ಯೂಟರಿಗೆ ಹೊಸ ಮಾನಿಟರ್ ಕೊಳ್ಳುವ ಯೋಚನೆ ಮಾಡಿದಾಗ ನನಗೆ ಆ ಮಾತು ಉಪಯೋಗಕ್ಕೆ ಬಂತು. ಪರದೆಯನ್ನು ಕೊಳ್ಳುವಾಗ ನಾವು ನಿಜವಾಗಿ ಆರಿಸುವುದು ಒಂದು ದೀಪವನ್ನು.

ನಾನು ಮನೆಯಲ್ಲೇ ಕುಳಿತು ಪುಸ್ತಕಗಳ ಕರಡು ತಿದ್ದುವವಳು. ಮನೆಗೆಲಸವೆಲ್ಲ ಮುಗಿದ ಮೇಲೆ, ರಾತ್ರಿ ಒಂಬತ್ತರಿಂದ ಹನ್ನೊಂದೂವರೆಯವರೆಗೆ ಈ ಕೆಲಸ. ‘ದ’ಕ್ಕೂ ‘ಧ’ಕ್ಕೂ, ‘ಪ’ಕ್ಕೂ ‘ಫ’ಕ್ಕೂ ನಡುವೆ ಇರುವುದು ಒಂದು ಸಣ್ಣ ಗೀಟು. ಕಣ್ಣು ದಣಿದರೆ ಆ ಗೀಟು ಕಾಣದು. ಎರಡು ಸಲ ಹಾಗಾದರೆ ಕೆಲಸ ಕೊಡುವವರೂ ಇರಲಾರರು. ಹಳೆಯ ಮಾನಿಟರಿನ ಮುಂದೆ ಅರ್ಧ ಗಂಟೆ ಕುಳಿತರೆ ಹಣೆ ಸಿಡಿಯತೊಡಗಿತ್ತು. ಹಾಗಾಗಿ ಈ ದೀಪದ ಕಥೆಯನ್ನು ಬುಡದಿಂದ ತಿಳಿಯಲು ಹೊರಟೆ.

ಟೆಂಟ್ ಸಿನಿಮಾದಲ್ಲಿ ಬೆಳಕು ದೂರದಿಂದ ಬಂದು ಬಿಳಿ ಬಟ್ಟೆಯ ಮೇಲೆ ಬೀಳುತ್ತಿತ್ತು. 1987ರಲ್ಲಿ ನಾವೆಲ್ಲ ನೆರೆಮನೆಯವರೊಡನೆ ಕುಳಿತು ‘ರಾಮಾಯಣ’ ನೋಡಿದ ಟೀವಿ ಹಾಗಲ್ಲ. ಅದು ಜರ್ಮನಿಯ ಕಾರ್ಲ್ ಬ್ರೌನ್ 1897ರಲ್ಲಿ ರೂಪಿಸಿದ ಗಾಜಿನ ಕೊಳವೆಯ ಸಂತತಿ. ಅದರ ಗಾಜಿಗೆ ಬಳಿದ ಪುಡಿಯೇ ಹೊಳೆಯುತ್ತಿತ್ತು. ಮೊದಮೊದಲ ಕಂಪ್ಯೂಟರುಗಳ ಡೊಳ್ಳುಹೊಟ್ಟೆಯ ಮಾನಿಟರೂ ಇದೇ ಜಾತಿ.

ಈಗಿನ ಚಪ್ಪಟೆ ಪರದೆಗೆ ಸ್ವಂತ ಬೆಳಕಿಲ್ಲ. ಅದರೊಳಗೆ ಇರುವುದು ದ್ರವಸ್ಫಟಿಕ, ಅಂದರೆ ನೀರಿನಂತೆ ಹರಿಯುತ್ತ ಹರಳಿನಂತೆ ಸಾಲುಗಟ್ಟುವ ವಸ್ತು. 1888ರಲ್ಲಿ ಆಸ್ಟ್ರಿಯದ ಸಸ್ಯವಿಜ್ಞಾನಿ ರೈನಿಟ್ಸರ್, ಕ್ಯಾರೆಟಿನಿಂದ ತೆಗೆದ ಕೊಲೆಸ್ಟರಾಲಿನ ಒಂದು ಸಂಯುಕ್ತ ಎರಡು ಬೇರೆ ಬೇರೆ ಉಷ್ಣತೆಗಳಲ್ಲಿ ಕರಗುವುದನ್ನು ಕಂಡು ಬೆರಗಾದ. ಈ ಕಥೆಯಲ್ಲಿ ನಮ್ಮ ರಾಜ್ಯದ ಪಾಲೂ ಇದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಸ್. ಚಂದ್ರಶೇಖರ್ ಮುಂದೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದರು. ದ್ರವಸ್ಫಟಿಕದ ಅಣು ಕಡ್ಡಿಯಂತೆ ಉದ್ದವಾಗಿಯೇ ಇರಬೇಕು ಎಂದು ಜಗತ್ತು ನಂಬಿದ್ದಾಗ, ನಾಣ್ಯದಂತೆ ಚಪ್ಪಟೆಯಾದ ಅಣುಗಳೂ ಹಾಗೆ ವರ್ತಿಸುತ್ತವೆ ಎಂದು ಅವರೂ ಸಂಗಡಿಗರಾದ ಸದಾಶಿವ, ಸುರೇಶರೂ 1977ರಲ್ಲಿ ತೋರಿಸಿದರು. ಆ ಜಾತಿಯ ಅಣುಗಳಿಂದ ಜಪಾನಿನ ಫ್ಯೂಜಿ ಸಂಸ್ಥೆ 1990ರ ದಶಕದಲ್ಲಿ ಒಂದು ತೆಳು ಹಾಳೆ ಮಾಡಿತು. ಓರೆಯಿಂದ ನೋಡಿದರೂ ಪರದೆಯ ಚಿತ್ರ ಮಸುಕಾಗದಂತೆ ಮಾಡಿದ್ದು ಅಂಥ ಹಾಳೆ.

ಆದರೆ ದ್ರವಸ್ಫಟಿಕದ ಕೆಲಸ ಕಿಟಕಿಯ ಬಾಗಿಲಿನದು; ತೆರೆಯುವುದು, ಮುಚ್ಚುವುದು ಅಷ್ಟೆ. ಬೆಳಕು ಹಿಂದಿನಿಂದ ಬರಬೇಕು. ಇದನ್ನೇ ಬ್ಯಾಕ್‌ಲೈಟ್ ಎನ್ನುತ್ತಾರೆ. ಮೊದಲು ಅಲ್ಲಿದ್ದುದು ಪೆನ್ಸಿಲಿಗಿಂತ ಸಪೂರವಾದ ಟ್ಯೂಬ್‌ಲೈಟು. ಅದರಲ್ಲಿ ಚೂರು ಪಾದರಸ. ವಯಸ್ಸಾದಂತೆ ಬೆಳಕು ಹಳದಿಗೆ ತಿರುಗುತ್ತಿತ್ತು. ಎಲ್‌ಇಡಿಯನ್ನು ಅಲ್ಲಿ ಕೂರಿಸಲು ಬಿಳಿ ಬೆಳಕು ಬೇಕು. ಅದಕ್ಕೆ ನೀಲಿ ಎಲ್‌ಇಡಿ ಬೇಕಿತ್ತು. ಅಕಸಾಕಿ, ಅಮನೊ, ನಕಮುರ ಎಂಬ ಮೂವರು ವರ್ಷಗಟ್ಟಲೆ ದುಡಿದು ಅದನ್ನು ಸಾಧಿಸಿದರು. 2014ರಲ್ಲಿ ಅವರಿಗೆ ನೊಬೆಲ್ ಸಂದಿತು. ಆ ನೀಲಿ ದೀಪಕ್ಕೆ ಹಳದಿ ಪುಡಿ ಬಳಿದಾಗ ಬಿಳಿ ಬೆಳಕಾಯಿತು.

ಪುತ್ತೂರಿನ ಅಂಗಡಿಯ ಹುಡುಗ “ಅಕ್ಕಾ, ಇದು ಎಲ್‌ಇಡಿ ಮಾನಿಟರ್, ಹಳೆಯ ಎಲ್‌ಸಿಡಿ ಅಲ್ಲ” ಎಂದ. ಪರದೆ ಅದೇ ದ್ರವಸ್ಫಟಿಕದ್ದು, ಬದಲಾದದ್ದು ಹಿಂದಿನ ದೀಪ ಮಾತ್ರ ಎಂದೆ. ಅವನು ನಕ್ಕು ಇನ್ನೂ ಎರಡು ಬಗೆ ತೋರಿಸಿದ. ಒಂದು ಮಿನಿ ಎಲ್‌ಇಡಿ: ಹಿಂದೆ ನೂರಾರು, ಸಾವಿರಾರು ಪುಟ್ಟ ದೀಪಗಳು, ಕಪ್ಪು ಬೇಕಾದಲ್ಲಿ ಅಷ್ಟು ಭಾಗದ ದೀಪ ತಗ್ಗುತ್ತದೆ. ಇನ್ನೊಂದು ಓಎಲ್‌ಇಡಿ: ಅದಕ್ಕೆ ಹಿಂದೆ ದೀಪವೇ ಇಲ್ಲ, ಪ್ರತಿ ಚುಕ್ಕೆಯೂ ತಾನೇ ಉರಿಯುತ್ತದೆ. ಸಿನಿಮಾ ನೋಡಲು ಚೆಂದ. ಆದರೆ ದುಬಾರಿ, ಒಂದೇ ಪಟ್ಟಿ, ಒಂದೇ ಪುಟ ದಿನವಿಡೀ ನಿಂತರೆ ಅದರ ನೆರಳು ಪರದೆಯಲ್ಲಿ ಉಳಿದುಬಿಡುವ ಭಯವೂ ಇದೆ. ಅಕ್ಷರ ನೋಡುವ ನನಗೆ ಸಾದಾ ಎಲ್‌ಇಡಿಯೇ ಸಾಕೆನಿಸಿತು. ಮಳೆಗಾಲದಲ್ಲಿ ಕರೆಂಟ್ ಹೋದರೆ ಇನ್ವರ್ಟರಿಗೂ ಅದು ಹಗುರ.

ಆದರೆ ಒಂದನ್ನು ಪರೀಕ್ಷಿಸಿಯೇ ಕೊಂಡೆ. ಕೆಲವು ಮಾನಿಟರುಗಳು ಬೆಳಕನ್ನು ತಗ್ಗಿಸುವುದು ದೀಪವನ್ನು ಸೆಕೆಂಡಿಗೆ ನೂರಾರು ಸಲ ಆರಿಸಿ ಹೊತ್ತಿಸಿ. ಕಣ್ಣಿಗೆ ತಿಳಿಯದಿದ್ದರೂ ಕೆಲವರಿಗೆ ಇದರಿಂದ ತಲೆನೋವು ಬರುತ್ತದೆ. ಬೆಳಕು ತಗ್ಗಿಸಿ, ಮೊಬೈಲ್ ಕ್ಯಾಮೆರಾವನ್ನು ಪರದೆಗೆ ಹಿಡಿಯಿರಿ. ಕಪ್ಪು ಪಟ್ಟೆಗಳು ಓಡಾಡಿದರೆ ಸಂಶಯಪಡಿ. ಪೆಟ್ಟಿಗೆಯ ಮೇಲೆ ‘ಫ್ಲಿಕರ್ ಫ್ರೀ’ ಎಂದಿದೆಯೇ ನೋಡಿ. ನೀಲಿ ಬೆಳಕಿನ ಬೆದರಿಕೆಗೆ ದುಡ್ಡು ಸುರಿಯುವ ಮೊದಲು ನೆನಪಿಡಿ: ಪರದೆ ನೋಡುವಾಗ ನಾವು ರೆಪ್ಪೆ ಮಿಟುಕಿಸುವುದೇ ಕಡಿಮೆ, ಕಣ್ಣು ಉರಿಯಲು ಅದೇ ದೊಡ್ಡ ಕಾರಣ. ಕತ್ತಲ ಕೋಣೆಯಲ್ಲಿ ಪರದೆಯೊಂದನ್ನೇ ಉರಿಸಬೇಡಿ, ಕೋಣೆಯ ದೀಪವೂ ಇರಲಿ.

ಹಳೆಯ ಮಾನಿಟರನ್ನು ಗುಜರಿಯವರಿಗೆ ಹಾಗೆಯೇ ಕೊಟ್ಟುಬಿಡಬೇಡಿ. ಅವರು ಒಡೆದರೆ ಒಳಗಿನ ಪಾದರಸ ನಮ್ಮ ಮಣ್ಣಿಗೇ ಸೇರುತ್ತದೆ. ಇ-ತ್ಯಾಜ್ಯ ಪಡೆಯುವವರು ಸಿಗುವವರೆಗೆ ನನ್ನದು ಅಟ್ಟದಲ್ಲಿ ಬಟ್ಟೆ ಹೊದ್ದು ಕುಳಿತಿದೆ.