ಪಲೆರ್ಮೊ ಲೂಟಿ: ಬೇನಾಮಿ ಹೆಸರುಗಳಲ್ಲಿ ಹಾಳಾದ ಹಳೆಯ ನಗರ

ಊರು ಲೂಟಿಯಾಯಿತು ಎಂದರೆ ದಂಡು, ಕತ್ತಿ, ಬೆಂಕಿ ನಮ್ಮ ಕಣ್ಣಮುಂದೆ ಬರುತ್ತವೆ. ಇಟಲಿಯ ಸಿಸಿಲಿ ದ್ವೀಪದ ರಾಜಧಾನಿ ಪಲೆರ್ಮೊ ನಗರ ಲೂಟಿಯಾದದ್ದು ಕಟ್ಟಡ ಪರವಾನಗಿಯ ಮೇಲೆ ಬಿದ್ದ ಮೊಹರಿನಿಂದ. 1950ರ ದಶಕದ ಕೊನೆಯಿಂದ ಸುಮಾರು ಎರಡು ದಶಕ ಕಾಲ ಅಲ್ಲಿ ನಡೆದ ಕಟ್ಟಡ ದಂಧೆಯನ್ನು ಇಟಲಿಯ ಜನ ಇಂದಿಗೂ ‘ಪಲೆರ್ಮೊ ಲೂಟಿ’ ಎಂದೇ ಕರೆಯುತ್ತಾರೆ. ನಗರಾಭಿವೃದ್ಧಿಯ ಹೆಸರಿನಲ್ಲಿ ಒಂದು ಐತಿಹಾಸಿಕ ನಗರ ಹೇಗೆ ಕೈತಪ್ಪಿ ಹೋಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಮೂರು ಭಾಷೆಗಳ ನಗರ

ಪಲೆರ್ಮೊ ನಗರಕ್ಕೆ ಸುಮಾರು 2700 ವರ್ಷಗಳ ಇತಿಹಾಸವಿದೆ. ಸಮುದ್ರ ವ್ಯಾಪಾರಿಗಳಾದ ಫಿನೀಷಿಯನ್ನರು ಕಟ್ಟಿದ ಈ ಊರನ್ನು 831ರಲ್ಲಿ ಅರಬ್ಬರು, 1072ರಲ್ಲಿ ನಾರ್ಮನ್ನರು ಗೆದ್ದುಕೊಂಡರು. ಗೆದ್ದ ನಾರ್ಮನ್ ರಾಜರು ಅರಬ್ಬಿ, ಗ್ರೀಕ್ ಕುಶಲಕರ್ಮಿಗಳನ್ನು ಓಡಿಸದೆ ಕೆಲಸಕ್ಕೆ ಇಟ್ಟುಕೊಂಡರು. ಹೀಗಾಗಿ ಅರಮನೆಯ ಕ್ರೈಸ್ತ ಪ್ರಾರ್ಥನಾ ಮಂದಿರಕ್ಕೆ ಮುಸ್ಲಿಂ ಕಲಾವಿದರ ಚಾವಣಿ ಬಂತು. ರಾಜ ಎರಡನೇ ರೋಜರ್ 1142ರಲ್ಲಿ ಗಡಿಯಾರವೊಂದನ್ನು ಮಾಡಿಸಿ ಹಾಕಿಸಿದ ಶಾಸನ ಲ್ಯಾಟಿನ್, ಗ್ರೀಕ್, ಅರಬ್ಬಿ ಈ ಮೂರು ಭಾಷೆಗಳಲ್ಲಿದೆ. ಮನೆಯಲ್ಲೊಂದು, ಸಂತೆಯಲ್ಲೊಂದು ಭಾಷೆ ಆಡುವ ನಮ್ಮ ಗಡಿನಾಡಿನವರಿಗೆ ಇದು ವಿಚಿತ್ರ ಅನ್ನಿಸಲಾರದು.

ನಗರದ ಸುತ್ತ ಬೆಟ್ಟಗಳು, ನಡುವೆ ನಿಂಬೆ, ಕಿತ್ತಳೆ ತೋಟಗಳ ಬಯಲು. ಇದರ ಹೆಸರು ‘ಕೊಂಕಾ ದೋರೊ’, ಅಂದರೆ ಚಿನ್ನದ ಬಟ್ಟಲು. ಹಳೆಯ ಊರಿನ ಹೊರಗೆ ಲಿಬರ್ತಾ ಬೀದಿಯ ಆಸುಪಾಸಿನಲ್ಲಿ ಸಿರಿವಂತರು ಕಟ್ಟಿಸಿದ ತೋಟದ ಬಂಗಲೆಗಳು 20ನೇ ಶತಮಾನದ ಆರಂಭದ ಒಳ್ಳೆಯ ವಾಸ್ತುಶಿಲ್ಪಕ್ಕೆ ಹೆಸರಾಗಿದ್ದವು.

ಯುದ್ಧದ ನಂತರ

ಎರಡನೇ ಮಹಾಯುದ್ಧದಲ್ಲಿ, ಮುಖ್ಯವಾಗಿ 1943ರಲ್ಲಿ, ಮಿತ್ರರಾಷ್ಟ್ರಗಳ ವಿಮಾನಗಳು ಹಾಕಿದ ಬಾಂಬುಗಳಿಗೆ ಹಳೆಯ ಊರಿನ ದೊಡ್ಡ ಭಾಗ ಹಾಳಾಯಿತು. 1946ರಲ್ಲಿ ಸಿಸಿಲಿಗೆ ಸ್ವಾಯತ್ತ ಆಡಳಿತ ಸಿಕ್ಕಿತು. ಹೊಸ ಸರ್ಕಾರದ ಕಚೇರಿಗಳು ಪಲೆರ್ಮೊಗೆ ಬಂದವು, ನೌಕರಿ ಹುಡುಕಿಕೊಂಡು ಹಳ್ಳಿಗಳ ಜನರೂ ಬಂದರು. 1951ರಲ್ಲಿ ಸುಮಾರು 4.9 ಲಕ್ಷ ಇದ್ದ ಜನಸಂಖ್ಯೆ 1981ರ ಹೊತ್ತಿಗೆ 7 ಲಕ್ಷ ತಲುಪಿತು.

ಇಷ್ಟು ಜನರಿಗೆ ಮನೆ ಬೇಕಿತ್ತು ಎನ್ನುವುದು ನಿಜ. ಕುಸಿದ ಹಳೆಯ ಮನೆಗಳನ್ನು ದುರಸ್ತಿ ಮಾಡಿ ಜನರನ್ನು ಅಲ್ಲೇ ಇರಿಸುವುದು ಒಂದು ದಾರಿಯಾಗಿತ್ತು. ತೋಟಗಳನ್ನು ಕಡಿದು ಹೊಸದಾಗಿ ಕಟ್ಟುವುದು ಇನ್ನೊಂದು. ದುರಸ್ತಿಯಲ್ಲಿ ಲಾಭ ಕಡಿಮೆ. ತೋಟದ ಜಮೀನು ನಿವೇಶನವಾದರೆ ಬೆಲೆ ಎಷ್ಟೋ ಪಟ್ಟು ಏರುತ್ತದೆ. ನಗರಸಭೆ ಎರಡನೆಯ ದಾರಿ ಹಿಡಿಯಿತು.

ಕಾಗದದ ಕೆಲಸ

1958ರಿಂದ 1963ರವರೆಗೆ ಸಾಲ್ವೊ ಲಿಮಾ ಮೇಯರ್ ಆಗಿದ್ದರು. 1959ರಿಂದ ಲೋಕೋಪಯೋಗಿ ಕೆಲಸಗಳ ಹೊಣೆ ವಿಟೊ ಚಾಂಚಿಮಿನೊ ಕೈಯಲ್ಲಿತ್ತು. ಇಬ್ಬರೂ ಆಗ ಇಟಲಿಯನ್ನು ಆಳುತ್ತಿದ್ದ ಕ್ರಿಶ್ಚಿಯನ್ ಡೆಮಾಕ್ರಟಿಕ್ ಪಕ್ಷದವರು.

ನಗರಕ್ಕೆ ಮಾಸ್ಟರ್ ಪ್ಲಾನ್ ಇರಲಿಲ್ಲ ಎಂದಲ್ಲ. ಎಲ್ಲಿ ಹಸಿರು ಉಳಿಯಬೇಕು, ಎಲ್ಲಿ ಎಷ್ಟು ಎತ್ತರ ಕಟ್ಟಬಹುದು ಎಂದು ಅದರಲ್ಲಿ ಗುರುತು ಮಾಡಲಾಗಿತ್ತು. ಆದರೆ 1962ರಲ್ಲಿ ಅಂತಿಮ ಒಪ್ಪಿಗೆ ಸಿಗುವ ಮುನ್ನ ಖಾಸಗಿಯವರ ಅರ್ಜಿಗಳ ಮೇಲೆ ಅದರಲ್ಲಿ ನೂರಾರು ತಿದ್ದುಪಡಿಗಳಾದವು. ನಕ್ಷೆಯಲ್ಲಿ ಹಸಿರು ಬಣ್ಣದಲ್ಲಿದ್ದ ತೋಟಗಳು ಒಂದೊಂದಾಗಿ ನಿವೇಶನಗಳಾದವು.

ಕೆಲವೇ ವರ್ಷಗಳಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕಟ್ಟಡ ಪರವಾನಗಿ ನೀಡಲಾಯಿತು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೆರಳೆಣಿಕೆಯ ವ್ಯಕ್ತಿಗಳ ಹೆಸರಿನಲ್ಲಿದ್ದವು. ಅವರು ದೊಡ್ಡ ಬಿಲ್ಡರುಗಳೇನಲ್ಲ. ಕಟ್ಟಡ ವ್ಯವಹಾರಕ್ಕೆ ಸಂಬಂಧವೇ ಇಲ್ಲದ ಪಿಂಚಣಿದಾರರು. ಹೆಸರು ಅವರದು, ಹಣ ಇನ್ಯಾರದೋ. ನಮ್ಮ ಕಡೆ ಕನ್ನಡ, ತೆಲುಗು, ಮರಾಠಿ, ತಮಿಳು, ಮಲಯಾಳ ಯಾವುದರಲ್ಲಿ ಕೇಳಿದರೂ ಇದಕ್ಕೆ ಇರುವುದು ಒಂದೇ ಮಾತು: ಬೇನಾಮಿ.

ಹಿಂದೆ ಗಾಡಿ ಹೊಡೆಯುತ್ತಿದ್ದ ಫ್ರಾಂಚೆಸ್ಕೊ ವಸ್ಸಾಲೊ ಈ ಕಾಲದಲ್ಲಿ ನಗರದ ದೊಡ್ಡ ಬಿಲ್ಡರ್ ಆಗಿ ಬೆಳೆದರು. ಅವರ ಕಟ್ಟಡಗಳನ್ನೇ ಸ್ಥಳೀಯ ಆಡಳಿತ ಶಾಲೆಗಳಿಗಾಗಿ ಬಾಡಿಗೆಗೆ ಪಡೆಯಿತು. ಪರವಾನಗಿ ಕೊಡುವವರೂ ಸಾರ್ವಜನಿಕ ಕಚೇರಿಯವರೇ, ಬಾಡಿಗೆ ಕೊಡುವವರೂ ಅವರೇ!

ಒಂದು ಶನಿವಾರ

ಈ ಲೂಟಿಯ ಗುರುತಾಗಿ ಪಲೆರ್ಮೊ ಜನ ನೆನಪಿಸಿಕೊಳ್ಳುವುದು ‘ವಿಲ್ಲಾ ದೆಲಿಯೆಲ್ಲಾ’ ಎಂಬ ಬಂಗಲೆಯನ್ನು. 20ನೇ ಶತಮಾನದ ಮೊದಲ ದಶಕದಲ್ಲಿ ಇದರ ವಿನ್ಯಾಸ ಮಾಡಿದವರು ಹೆಸರಾಂತ ವಾಸ್ತುಶಿಲ್ಪಿ ಎರ್ನೆಸ್ತೊ ಬಸಿಲೆ. 50 ವರ್ಷ ತುಂಬಿದ ಕಟ್ಟಡಗಳಿಗೆ ಇಟಲಿಯ ಕಾನೂನಿನಲ್ಲಿ ರಕ್ಷಣೆ ಸಿಗುವ ಅವಕಾಶವಿತ್ತು. ಈ ಬಂಗಲೆಗೆ ಆ ವಯಸ್ಸು ಹತ್ತಿರವಾಗಿತ್ತು.

1959ರ ನವೆಂಬರ್ 28, ಶನಿವಾರ. ಕೆಡವಲು ಅನುಮತಿ ಸಿಕ್ಕಿದ್ದೂ ಅಂದೇ, ಕೆಡವಲು ಶುರು ಮಾಡಿದ್ದೂ ಅಂದೇ. ಕಚೇರಿಗಳಿಗೆ ಬೀಗ ಬಿದ್ದಿದ್ದ ಆ ವಾರಾಂತ್ಯದಲ್ಲಿ ತಡೆಯಾಜ್ಞೆ ತರಲು ಯಾರಿಗೂ ಸಮಯ ಸಿಗಲಿಲ್ಲ. ಅಷ್ಟು ಅವಸರದಲ್ಲಿ ಕೆಡವಿದ ಜಾಗದಲ್ಲಿ ಹೊಸ ಕಟ್ಟಡ ಏಳಲೇ ಇಲ್ಲ. ದಶಕಗಳ ಕಾಲ ಅದು ಕಾರು ನಿಲ್ಲಿಸುವ ಜಾಗವಾಗಿತ್ತು.

ನಷ್ಟ ಯಾರಿಗೆ?

ಬಂಗಲೆ ಹೋದರೆ ಸಿರಿವಂತರ ಮನೆ ಹೋಯಿತು ಎಂದು ಸುಮ್ಮನಿರಬಹುದು. ಆದರೆ ಪೆಟ್ಟು ಬಿದ್ದದ್ದು ಬಡವರಿಗೇ ಹೆಚ್ಚು. ತೋಟಗಳು ಹೋದ ಮೇಲೆ ಅಲ್ಲಿನ ಕೂಲಿಯೂ ಹೋಯಿತು. ಹಳೆಯ ಊರಿನ ಮನೆಗಳಿಗೆ ದುರಸ್ತಿಯಿಲ್ಲ. 1968ರ ಭೂಕಂಪದ ನಂತರ ಅಲ್ಲಿಂದ ಇನ್ನಷ್ಟು ಜನ ನಗರದ ಹೊರವಲಯದ ಬಡಾವಣೆಗಳಿಗೆ ಹೋದರು. 1951ರಲ್ಲಿ ಹಳೆಯ ಊರಿನಲ್ಲಿ ಸುಮಾರು ಒಂದೂಕಾಲು ಲಕ್ಷ ಜನರಿದ್ದರು. 1981ರಲ್ಲಿ ಉಳಿದವರು ಸುಮಾರು 40 ಸಾವಿರ. ಬಾಂಬು ಬಿದ್ದ ಮನೆಗಳ ಅವಶೇಷಗಳು ಎಷ್ಟೋ ಕಡೆ ಹಾಗೆಯೇ ಬಿದ್ದಿದ್ದವು.

ತನಿಖೆ, ಕೊಲೆ, ಶಿಕ್ಷೆ

ದಾಖಲೆಗಳು ಬೇಗನೆ ಹೊರಬಂದವು. 1963–64ರಲ್ಲಿ ಬೆವಿವಿನೊ ಎಂಬ ಅಧಿಕಾರಿ ನಗರಸಭೆಯ ಕಡತಗಳನ್ನು ಪರಿಶೀಲಿಸಿ ಅಕ್ರಮಗಳನ್ನು ಬರೆದಿಟ್ಟರು. ಸಂಸತ್ತಿನ ಮಾಫಿಯಾ ವಿರೋಧಿ ಆಯೋಗ 1976ರಲ್ಲಿ ಅಂತಿಮ ವರದಿ ಕೊಟ್ಟಿತು. ಆದರೂ ಲಿಮಾ 1968ರಲ್ಲಿ ಸಂಸತ್ತಿಗೆ ಹೋದರು. ಚಾಂಚಿಮಿನೊ 1970ರಲ್ಲಿ ಕೆಲವು ತಿಂಗಳ ಮಟ್ಟಿಗೆ ಮೇಯರ್ ಕೂಡ ಆದರು.

ಎದುರು ನಿಂತವರು ಬೆಲೆ ತೆತ್ತರು. ಗುತ್ತಿಗೆಗಳಲ್ಲಿ ಶಿಸ್ತು ತರಲು ಹೊರಟಿದ್ದ ಸಿಸಿಲಿ ಪ್ರಾಂತ್ಯದ ಅಧ್ಯಕ್ಷ ಪಿಯೆರ್‌ಸಾಂತಿ ಮತ್ತರೆಲ್ಲಾ 1980ರ ಜನವರಿ 6ರಂದು ಕೊಲೆಯಾದರು. ಅವರ ತಮ್ಮ ಸೆರ್ಜಿಯೊ ಮತ್ತರೆಲ್ಲಾ 2015ರಲ್ಲಿ ಇಟಲಿಯ ರಾಷ್ಟ್ರಾಧ್ಯಕ್ಷರಾದರು. ಮಾಫಿಯಾದ ಆಸ್ತಿ ಮುಟ್ಟುಗೋಲು ಹಾಕುವ ಕಾನೂನಿಗಾಗಿ ಹೋರಾಡಿದ ಸಂಸದ ಪಿಯೊ ಲಾ ತೊರ್ರೆ 1982ರ ಏಪ್ರಿಲ್ 30ರಂದು ಕೊಲೆಯಾದರು. ಆ ಕಾನೂನು ಅದೇ ವರ್ಷ ಜಾರಿಗೆ ಬಂತು.

ಚಾಂಚಿಮಿನೊ ಬಂಧನವಾದದ್ದು 1984ರಲ್ಲಿ. ಮಾಫಿಯಾ ನಂಟಿಗಾಗಿ ಅವರಿಗೆ ಶಿಕ್ಷೆ ವಿಧಿಸಿದ್ದು 1992ರಲ್ಲಿ. ಅದೇ ವರ್ಷ ಮಾರ್ಚ್ 12ರಂದು ಮಾಫಿಯಾ ಬಂದೂಕುಧಾರಿಗಳು ಲಿಮಾರನ್ನು ಕೊಂದರು. ಬಂಗಲೆ ಬಿದ್ದು ಆಗ 32 ವರ್ಷ ಕಳೆದಿತ್ತು.

ಮತ್ತೆ ತೆರೆದ ಬಾಗಿಲು

ಹಳೆಯ ಊರನ್ನು ಉಳಿಸಿಕೊಳ್ಳುವ ಯೋಜನೆ 1990ರ ದಶಕದಲ್ಲಿ, ಮೇಯರ್ ಲಿಯೊಲೂಕಾ ಒರ್ಲಾಂದೊ ಅವರ ಕಾಲದಲ್ಲಿ ವೇಗ ಪಡೆಯಿತು. ಬಸಿಲೆಯವರ ತಂದೆ ವಿನ್ಯಾಸ ಮಾಡಿ ಮಗ ಪೂರ್ತಿಗೊಳಿಸಿದ್ದ ಮಾಸ್ಸಿಮೊ ರಂಗಮಂದಿರವನ್ನು 1974ರಲ್ಲಿ ರಿಪೇರಿಗೆಂದು ಮುಚ್ಚಲಾಗಿತ್ತು. ಅದರ ಬಾಗಿಲು ತೆರೆದದ್ದು 1997ರಲ್ಲಿ. 2015ರಲ್ಲಿ ಪಲೆರ್ಮೊದ ಅರಬ್–ನಾರ್ಮನ್ ಕಟ್ಟಡಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಕಡಿದ ನಿಂಬೆ ತೋಟಗಳು ಮಾತ್ರ ಮರಳಿ ಬರಲಿಲ್ಲ.

ಪಲೆರ್ಮೊದಲ್ಲಿ ಕಾನೂನೂ ಇತ್ತು, ನಕ್ಷೆಯೂ ಇತ್ತು. ನಕ್ಷೆಗೆ ಆಗುತ್ತಿದ್ದ ತಿದ್ದುಪಡಿ ಯಾರಿಗಾಗಿ, ಪರವಾನಗಿಯಲ್ಲಿರುವ ಹೆಸರು ಯಾರದು ಎಂದು ಸಕಾಲದಲ್ಲಿ ಕೇಳಿದವರು ಕಡಿಮೆ, ಕೇಳಿದವರಿಗೆ ಉತ್ತರ ಸಿಗಲಿಲ್ಲ. ತಪ್ಪಿತಸ್ಥರಿಗೆ ಶಿಕ್ಷೆ ತಡವಾಗಿಯಾದರೂ ಆದೀತು. ಕೆಡವಿದ ಗೋಡೆ ತೀರ್ಪಿನಿಂದ ಎದ್ದು ನಿಲ್ಲುವುದಿಲ್ಲ. ಬುಲ್ಡೋಜರ್ ಬರುವ ಮೊದಲೇ ಓದಬೇಕಾದದ್ದು ಕಚೇರಿಯ ಗೋಡೆಗೆ ಅಂಟಿಸಿದ ಆ ಒಂದು ಹಾಳೆ.